'ತೀವ್ರತೆ' ಸರಿಯಾಗುತ್ತಾ? ಶ್ವಾಸಕೋಶದ ಸ್ಕ್ಯಾನ್ ಬಗ್ಗೆ ಕರಪತ್ರ, ಅರ್ಜೆಂಟ್

ಎಲ್ರಿಗೂ ನಮಸ್ಕಾರ. ರೋಗಿಗಳಿಗೆ ಕೊಡೋ ಕರಪತ್ರ ಅನುವಾದ ಮಾಡ್ತಿದೀನಿ, ನಾಳೆ ಪ್ರಿಂಟಿಗೆ ಹೋಗ್ಬೇಕು. ಸಿಒಪಿಡಿ (ಗಾಳಿದಾರಿ ಕಿರಿದಾಗಿ ಉಸಿರು ಬಿಡೋಕೆ ಕಷ್ಟ ಆಗೋದು), ಫೈಬ್ರೋಸಿಸ್ (ಶ್ವಾಸಕೋಶ ಕಲೆಗಟ್ಟಿ ಗಡುಸಾಗೋದು) ಥರದ ವರ್ಷಗಟ್ಟಲೆ ಕಾಡೋ ಕಾಯಿಲೆ ಎಷ್ಟು ಬಲಿತಿದೆ ಅಂತ ಸಿಟಿ ಸ್ಕ್ಯಾನಲ್ಲಿ ಹೇಗೆ ನೋಡ್ತಾರೆ ಅನ್ನೋದು ವಿಷಯ. "ದೀರ್ಘಕಾಲಿಕ ಶ್ವಾಸಕೋಶ ಕಾಯಿಲೆಯ ತೀವ್ರತೆ" ಅಂತ ಬರೆದಿದೀನಿ, ಆದ್ರೆ ದಿಢೀರ್ ಬರೋ ಕಾಯಿಲೆಗೂ 'ತೀವ್ರ' ಅಂತಲೇ ಬರೀತಾರಲ್ಲ, ಓದೋರಿಗೆ ಗೊಂದಲ ಆಗಲ್ವಾ?

---

ದೀರ್ಘಕಾಲಿಕ, ಶ್ವಾಸಕೋಶ, ತೀವ್ರತೆ, ಮೂರಕ್ಕೆ ಮೂರೂ ಸಂಸ್ಕೃತ. ಉಸಿರುಚೀಲ ಅನ್ನಿ. ಕಡುಬಡವ, ಕಡುಗಪ್ಪು ಅನ್ನೋ 'ಕಡು' ನಮ್ಮಲ್ಲೇ ಇದೆ, ಅದರಿಂದ 'ಕಡುಹು' ತಗೊಳ್ಳಿ. ಸಿಒಪಿಡಿಯಲ್ಲಿ ಶ್ವಾಸಕೋಶದ ಗಾಳಿಗೂಡುಗಳು ಹಾಳಾಗೋದಕ್ಕೆ ಹೇಳೋ 'ಎಂಫಿಸೀಮಾ'ನೂ ಹಾಗೇ ಬಿಡಬೇಡಿ, ಗ್ರೀಕಲ್ಲಿ ಅದರ ಮೂಲ 'ಒಳಕ್ಕೆ ಊದು' ಅಂತ, ಅವರು ತಮ್ಮ ಆಡುಮಾತಿಂದ ಕಟ್ಟಿದ್ದನ್ನ ನಾವು 'ಗಾಳಿಯುಬ್ಬು' ಅಂತ ಕಟ್ಟೋಕೆ ಏನಡ್ಡಿ?

---

ಕಡುಹು ಆಗಲ್ಲ. ಹಳೇ ಕಾವ್ಯಗಳಲ್ಲಿ ಅದು ಶೌರ್ಯ, ರಭಸ. 'ಉಲ್ಬಣ'ವೂ ಬೇಡ, ಅದು ಇರೋ ಕಾಯಿಲೆ ಇದ್ದಕ್ಕಿದ್ದಂಗೆ ಜೋರಾದಾಗ.

ಮೇಡಂ, ಪದಕ್ಕಿಂತ ಮುಂಚೆ ಏನನ್ನ ಅಳೀತಿದಾರೆ ನೋಡಿ. ಸಿಟಿ ಸ್ಕ್ಯಾನಲ್ಲಿ ಒಂದೊಂದು ಜಾಗ ಎಷ್ಟು ದಟ್ಟ ಅಂತ ಹೇಳೋ ಹೌನ್ಸ್‌ಫೀಲ್ಡ್ ಅಳತೆಯಲ್ಲಿ ನೀರು 0, ಗಾಳಿ −1000. ಉಸಿರು ಪೂರ್ತಿ ಎಳೆದು ಹಿಡಿದಾಗ ತೆಗೆದ ಸ್ಕ್ಯಾನಲ್ಲಿ −950ಕ್ಕಿಂತ ಕೆಳಗಿರೋ ಜಾಗ ಶೇಕಡಾ ಎಷ್ಟು ಅಂತ ಲೆಕ್ಕ ಹಾಕಿ ಎಂಫಿಸೀಮ ಇಷ್ಟಿದೆ ಅಂತಾರೆ, ಅಂದ್ರೆ ಗಾಳಿಗೂಡುಗಳ ಗೋಡೆ ಹಾಳಾಗಿ ಬರೀ ಗಾಳಿ ತುಂಬಿರೋ ಭಾಗ. ಉಸಿರು ಬಿಟ್ಟ ಮೇಲೆ ತೆಗೆದಾಗ −856ಕ್ಕಿಂತ ಕೆಳಗಿದ್ರೆ ಗಾಳಿ ಹೊರಗೆ ಹೋಗದೆ ಒಳಗೇ ಸಿಕ್ಕಿಕೊಂಡಿದೆ ಅಂತ. ಫೈಬ್ರೋಸಿಸಲ್ಲಿ ಗಾಯದ ಕಲೆಯಂಥ ಭಾಗ ಎಷ್ಟು ಪಾಲು ಹರಡಿದೆ ನೋಡ್ತಾರೆ. ಇದೆಲ್ಲ ಹರವು! ಜೋರಾಗಿ ಊದಿಸಿ ಮೊದಲ ಸೆಕೆಂಡಲ್ಲಿ ಎಷ್ಟು ಗಾಳಿ ಬಂತು ಅಂತ ನೋಡೋ ಸ್ಪೈರೋಮೆಟ್ರಿ ಬೇರೆ. ಅದರಲ್ಲಿ ಒಂದೇ ನಂಬರ್ ಬಂದ ಇಬ್ಬರ ಸ್ಕ್ಯಾನ್ ಬೇರೆ ಬೇರೆ ಇರಬಹುದು. ಎರಡಕ್ಕೂ 'ತೀವ್ರತೆ' ಅಂದ್ರೆ, ಸ್ಕ್ಯಾನಲ್ಲಿ ಜಾಸ್ತಿ ಕಂಡ್ರೆ ಉಸಿರಾಟವೂ ಅಷ್ಟೇ ಕೆಟ್ಟಿದೆ ಅಂತ ರೋಗಿ ಹೆದರ್ತಾರೆ. ಸ್ಕ್ಯಾನಿಗೆ 'ಹರವು' ಹಾಕಿ. ಒಟ್ಟಾರೆಗೆ ನಿಮ್ಮ ಪ್ರಶ್ನೆಯಲ್ಲೇ ಪದ ಇದೆ, 'ಬಲಿತಿದೆ'.

---

ಬಲಿತ, ಹರವು ಎರಡೂ ಒಪ್ಪಿದೆ. ಆದ್ರೆ ಸ್ಕ್ಯಾನ್, ಸ್ಪೈರೋಮೆಟ್ರಿ ಹಾಗೇ ಬಿಡೋದಾ? ಹೀಗೆ ಒಂದೊಂದೇ ಬಿಟ್ಟು ಕೊಟ್ಟೇ ವೈದ್ಯಕೀಯ ಕನ್ನಡ ಬೆಳೀದೇ ಹೋಯ್ತು.

---

ಸ್ಕ್ಯಾನ್ ಕನ್ನಡವೇ. ಸ್ಕ್ಯಾನ್ ಮಾಡಿಸ್ಕೊಂಡು ಬಾ ಅಂದ್ರೆ ಅರ್ಥ ಆಗದೋರು ಯಾರಿದಾರೆ? ಆಸ್ಪತ್ರೆನೂ ಹೊರಗಿಂದ ಬಂದ ಪದವೇ. ರೋಗಿ ಡಾಕ್ಟರ್ ಬಾಯಲ್ಲಿ ಕೇಳೋ ಪದ ಕರಪತ್ರದಲ್ಲಿ ಇಲ್ದಿದ್ರೆ ಆ ಕರಪತ್ರದಿಂದ ಅವರಿಗೆ ಉಪಯೋಗ ಇಲ್ಲ.

---

ಇಬ್ಬರಿಗೂ ಥ್ಯಾಂಕ್ಸ್. ಹೆಡ್ಡಿಂಗ್ "ಶ್ವಾಸಕೋಶದ ಹಳೇ ಕಾಯಿಲೆ ಎಷ್ಟು ಬಲಿತಿದೆ?", ಒಳಗೆ "ಸ್ಕ್ಯಾನಲ್ಲಿ ಕಾಣೋ ಹರವು", ಊದೋ ಪರೀಕ್ಷೆಗೆ ಪ್ರತ್ಯೇಕ ಪ್ಯಾರಾ. ಶ್ವಾಸಕೋಶ ಬದಲಾಯಿಸಲ್ಲ ಸರ್, ಕ್ಷಮಿಸಿ. ಸಿಕ್ಕಿಕೊಂಡ ಗಾಳಿಗೆ 'ಸೆರೆಗಾಳಿ' ಅಂದ್ರೆ ನಡೆಯುತ್ತಾ? ರಾತ್ರಿಯೊಳಗೆ ಹೇಳಿ.