ರೋಹಿತದ ‘ರೆಸಲ್ಯೂಷನ್’ಗೆ ಯಾವ ಪದ?

ಹೀಮ್ ಪ್ರೋಟೀನುಗಳ (ಕಬ್ಬಿಣವಿರುವ ‘ಹೀಮ್’ ಅಣುವನ್ನು ಹೊತ್ತ ಪ್ರೋಟೀನುಗಳ) ಎನ್‌ಎಂಆರ್ ಅಧ್ಯಯನದ ಬಗ್ಗೆ, ಅಂದರೆ ಕಾಂತಕ್ಷೇತ್ರದಲ್ಲಿ ಪರಮಾಣು ಬೀಜಗಳು ಕೊಡುವ ಸಂಕೇತಗಳನ್ನು ಅಳೆಯುವ ವಿಧಾನದ ಬಗ್ಗೆ, ಒಂದು ಲೇಖನ ಬರೆಯುತ್ತಿದ್ದೇನೆ. ರೋಹಿತ (ಸ್ಪೆಕ್ಟ್ರಮ್), ಅನುರಣನ (ರೆಸೊನೆನ್ಸ್), ಶೃಂಗ (ಪೀಕ್) ಎಲ್ಲ ಸರಾಗವಾಗಿ ಬಂದವು. ‘ರೆಸಲ್ಯೂಷನ್’ ಬಳಿ, ಅಂದರೆ ಹತ್ತಿರದ ಗೆರೆಗಳು ಬೇರೆಬೇರೆಯಾಗಿ ಕಾಣುವ ಗುಣದ ಬಳಿ, ಬರಹ ನಿಂತಿದೆ. ‘ನಿರ್ಣಯ’ ಸಭೆಗಳ ಪದ, ಅದನ್ನು ಬಿಟ್ಟೆ. ಮೊದಲ ಕರಡಿನಲ್ಲಿ ‘ಸ್ಪಷ್ಟತೆ’ ಎಂದಿದ್ದೆ. ಈಗ ಅದು ತಪ್ಪು ಎಂದೇ ಅನ್ನಿಸುತ್ತಿದೆ.

ಕಾರಣ ಹೀಮ್‌ನೊಳಗಿನ ಕಬ್ಬಿಣ. ಸ್ನಾಯುಗಳಲ್ಲಿರುವ ಹೀಮ್ ಪ್ರೋಟೀನು ಮಯೋಗ್ಲೋಬಿನ್‌ನಲ್ಲಿ 153 ಅಮೈನೊ ಆಮ್ಲಗಳಿವೆ. ಅವುಗಳ ಪ್ರೋಟಾನುಗಳ ಸಂಕೇತಗಳು ಬಹುಪಾಲು 0ಯಿಂದ 10 ಪಿಪಿಎಂ (ರೋಹಿತದಲ್ಲಿ ಸಂಕೇತದ ಸ್ಥಾನ ಹೇಳುವ ಅಳತೆ) ಒಳಗೇ ಒಂದರ ಮೇಲೊಂದು ಬಿದ್ದಿರುತ್ತವೆ. ಕಬ್ಬಿಣ ಫೆರಿಕ್ (Fe³⁺) ಸ್ಥಿತಿಯಲ್ಲಿದ್ದರೆ ಅದರ ಜೋಡಿಯಿಲ್ಲದ ಎಲೆಕ್ಟ್ರಾನುಗಳು ಹತ್ತಿರದ ಪ್ರೋಟಾನುಗಳ ಸಂಕೇತವನ್ನು ಆ ಗುಂಪಿನಿಂದ ಆಚೆ ಎಳೆಯುತ್ತವೆ. ಸೈನೈಡ್ ಕೂಡಿದ ಮೆಟ್‌ಮಯೋಗ್ಲೋಬಿನ್‌ನಲ್ಲಿ (ಕಬ್ಬಿಣ ಫೆರಿಕ್ ಆಗಿರುವ ಮಯೋಗ್ಲೋಬಿನ್‌ನಲ್ಲಿ) ಹೀಮ್‌ನ ಒಂದು ಮಿಥೈಲ್ (CH₃) ಗುಂಪಿನ ಸಂಕೇತ 27 ಪಿಪಿಎಂ ಆಸುಪಾಸಿನಲ್ಲಿ ತಾನೊಂದೇ ನಿಲ್ಲುತ್ತದೆ. ಸೈನೈಡಿನ ಜಾಗದಲ್ಲಿ ನೀರು ಕೂತರೆ ಅಂಥ ಎಲೆಕ್ಟ್ರಾನು ಒಂದಿದ್ದದ್ದು ಐದಾಗಿ, ಮಿಥೈಲುಗಳು 50 ದಾಟಿ ಹೋಗುತ್ತವೆ. ಈ ಸಂಕೇತಗಳ ಗೆರೆಗಳೇನೋ ಅಗಲ, ಮಸುಕು. ಆದರೂ ಬೇರೆಬೇರೆ! ಇದನ್ನು ‘ಸ್ಪಷ್ಟ’ ಎನ್ನುವುದು ಹೇಗೆ?

‘ಪೃಥಕ್ಕರಣ’ ದೂರದರ್ಶಕಕ್ಕೆ ಒಪ್ಪೀತು. ಇಲ್ಲಿ ‘ಹೀಮ್ ಪ್ರೋಟೀನಿನ ಪೃಥಕ್ಕರಣ’ ಎಂದರೆ ಜೀವರಸಾಯನ ಓದಿದವರು ಪ್ರೋಟೀನನ್ನು ಮಿಶ್ರಣದಿಂದ ಬೇರ್ಪಡಿಸಿದರು ಎಂದುಕೊಳ್ಳುತ್ತಾರೆ. ‘ವಿಭೇದನ’ ಅರ್ಥದಲ್ಲಿ ಹತ್ತಿರವಿದೆ, ಆದರೆ ‘ಭೇದಿಸು’ ಎಂದೊಡನೆ ಸೀಳುವುದು ನೆನಪಾಗುತ್ತದೆ. ಎನ್‌ಎಂಆರ್‌ನಲ್ಲಿ ಗೆರೆ ಸೀಳುವುದು ಬೇರೆಯೇ ಸಂಗತಿ: ಸ್ಪಿನ್‌ಗಳ ಜೋಡಣೆಯಿಂದ ಒಂದೇ ಗೆರೆ ಎರಡು ಮೂರಾಗಿ ಒಡೆಯುತ್ತದೆ.

ನನ್ನ ಒಲವು ‘ಬಿಡಿಸು’ ಕಡೆಗೆ. ಸಿಕ್ಕು ಬಿಡಿಸು, ಎಳೆ ಬಿಡಿಸು ಎನ್ನುತ್ತೇವಲ್ಲ. ‘ಈ ಎರಡು ಶೃಂಗಗಳು ಬಿಡಿಬಿಡಿಯಾಗಿ ಕಂಡವು’, ‘ಬಿಡಿಸಲಾಗದ ಗೆರೆಗಳು’ ಎಂದು ಬರೆದರೆ ವಿವರಣೆಯೇ ಬೇಡ. ತೊಡಕು ನಾಮಪದದಲ್ಲಿ: ‘ರೋಹಿತದ ಬಿಡಿಸುವಿಕೆ’ ಎಂದರೆ ಚಿತ್ರ ಬಿಡಿಸಿದಂತೆ ಕೇಳುತ್ತದೆ. ‘ಗೆರೆಬಿಡಿತನ’ ಎಂದು ಕಟ್ಟಿದ್ದೇನೆ. ಕಿವಿಗೆ ಹೇಗಿದೆ, ಹೇಳಿ.

ಇನ್ನೊಂದು ಪದವೂ ಬೇಕು. ಕಾಂತಕ್ಷೇತ್ರ ಹೆಚ್ಚಿಸಿದರೆ ಗೆರೆಗಳ ನಡುವಿನ ಅಂತರ ಹರ್ಟ್ಸ್ ಲೆಕ್ಕದಲ್ಲಿ ಕ್ಷೇತ್ರದೊಂದಿಗೇ ಬೆಳೆಯುತ್ತದೆ. ಆದರೆ ಕ್ಯೂರಿ ಸ್ಪಿನ್ ಪರಿಣಾಮದಿಂದ (ಕಬ್ಬಿಣದ ಜೋಡಿಯಿಲ್ಲದ ಎಲೆಕ್ಟ್ರಾನುಗಳಲ್ಲಿ ಕ್ಷೇತ್ರವೇ ಮೂಡಿಸುವ ಕಾಂತತ್ವದಿಂದ) ಗೆರೆಗೆ ಬರುವ ಅಗಲ ಕ್ಷೇತ್ರದ ವರ್ಗದಂತೆ ಬೆಳೆಯುತ್ತದೆ. ಹಾಗಾಗಿ ಹೀಮ್ ಪ್ರೋಟೀನುಗಳಲ್ಲಿ, ಅದರಲ್ಲೂ ದೊಡ್ಡವುಗಳಲ್ಲಿ, ಕಾಂತ ದೊಡ್ಡದಾದಷ್ಟೂ ಲಾಭ ಎನ್ನಲಾಗದು. ಗೆರೆ ಹೀಗೆ ಅಗಲವಾಗುವುದನ್ನು ‘ಅಗಲಿಕೆ’ ಎಂದೆನೋ, ಓದುವವರಿಗೆ ಗೆರೆಗಳು ಒಂದನ್ನೊಂದು ಅಗಲಿ ದೂರವಾದವು ಎಂಬ ತದ್ವಿರುದ್ಧ ಅರ್ಥ ಬರುತ್ತದೆ. ‘ಗೆರೆಯ ಹರವು’ ಎನ್ನಬಹುದೆ?