ಮಾಲೆ ಹಾಕಿದವರಿರುವ ಮನೆಯಲ್ಲಿ ಇಟಾಲಿಯನ್ ಊಟ ಆಗುತ್ತಾ?

ಮಂಡ್ಯದ ಸೊಸೆ:

ಡಿಸೆಂಬರ್ 25ರ ರಜೆಗೆ ನಾದಿನಿ ಮಕ್ಕಳ ಸಮೇತ ಬೆಂಗಳೂರಿನಿಂದ ಬರುತ್ತಿದ್ದಾಳೆ. ಅವಳ ದೊಡ್ಡ ಮಗಳದ್ದು ಫೋನಲ್ಲಿ ಒಂದೇ ರಾಗ: "ಅತ್ತೆ, ಈ ಸಲ ಬಾತು ಬೋಂಡ ಬೇಡ, ಮನೇಲೇ ಇಟಾಲಿಯನ್ ಮಾಡೋಣ." ನಾನೂ ಸುಮ್ನೆ ಹೂಂ ಅಂದುಬಿಟ್ಟೆ. ಈಗ ಕೂತು ಲೆಕ್ಕ ಹಾಕಿದರೆ ತಲೆ ಕೆಡುತ್ತಿದೆ.

ಒಟ್ಟು 10 ಜನ. ಮೈದುನ ಅಯ್ಯಪ್ಪನ ಮಾಲೆ ಹಾಕಿದ್ದಾರೆ, ಸಂಕ್ರಾಂತಿ ಹೊತ್ತಿಗೆ ಶಬರಿಮಲೆ. ಅಲ್ಲಿಯವರೆಗೆ ಮನೆಯಲ್ಲಿ ಮಾಂಸ ಇಲ್ಲ, ಮೊಟ್ಟೆ ಇಲ್ಲ. ಈರುಳ್ಳಿ ಬೆಳ್ಳುಳ್ಳಿಯೂ ಬೇಡ ಅಂದಿದ್ದಾರೆ ನಮ್ಮತ್ತೆ. ನಿನ್ನೆ ಮಾಡಿದ್ದನ್ನು ಇವತ್ತು ಬಡಿಸುವ ಹಾಗಿಲ್ಲ. ಇನ್ನು ಮಾವನವರಿಗೆ ಹಿಟ್ಟು (ರಾಗಿ ಮುದ್ದೆ) ಸಾರು ಇಲ್ಲದ್ದು ಊಟವೇ ಅಲ್ಲ. ಹೋದ ವರ್ಷ ನಾನು ಮಾಡಿದ ಪಾಸ್ತಾ ನೋಡಿ "ಏನವ್ವ, ಶಾವಿಗೆ ಕೆಟ್ಟೋಯ್ತಾ?" ಅಂದರು. ಕೆಟ್ಟಿದ್ದೂ ನಿಜ. ಕುಕ್ಕರಿಗೆ ಹಾಕಿ ಎರಡು ವಿಷಲ್ ಕೂಗಿಸಿದ್ದೆ. ಸೌಟು ಹಾಕಿ ಎತ್ತಿದರೆ ಇಡೀ ಪಾಸ್ತಾ ಒಂದೇ ಗಡ್ಡೆಯಾಗಿ ಎದ್ದು ಬಂತು.

ಓವನ್ ಇಲ್ಲ. ಎರಡು ಬರ್ನರ್ ಗ್ಯಾಸು, ಹಿತ್ತಲಲ್ಲಿ ಸೌದೆ ಒಲೆ. ಎರಡು ಮೂರು ಬಗೆ ಸಾಕು. ಮ್ಯಾಗಿ ಥರ ಪ್ಯಾಕೆಟ್ ಮಸಾಲೆ ಸುರಿಯೋದು ಮಾತ್ರ ಬೇಡ. ಗೊತ್ತಿರುವವರು ಹೇಳಿ.

ಮರುಗ ದವನ, ಮೈಸೂರು:

ಮೊಟ್ಟೆ ಇಲ್ಲ ಅಂತ ಕೊರಗಬೇಡಿ. ಮೊಟ್ಟೆ ಹಾಕಿ ಪಾಸ್ತಾ ಹಿಟ್ಟು ಕಲೆಸುವುದು ಉತ್ತರ ಇಟಲಿಯ ಬೊಲೋನ್ಯಾ ಕಡೆಯ ರೂಢಿ. ದಕ್ಷಿಣದ ಪುಲಿಯಾದಲ್ಲಿ ಗಟ್ಟಿ ಗೋಧಿಯ ರವೆ, ನೀರು, ಅಷ್ಟೇ. ಅದರಲ್ಲೇ ಒರೆಕಿಯೆತ್ತೆ ಅನ್ನೋ ಪಾಸ್ತಾ ಮಾಡುತ್ತಾರೆ. 'ಪುಟ್ಟ ಕಿವಿ' ಅಂತ ಅರ್ಥ.

ನಾನು ಚಿರೋಟಿ ರವೆ ಅರ್ಧ, ಮೈದಾ ಅರ್ಧ ಹಾಕುತ್ತೇನೆ. ಎರಡೂ ಸೇರಿ 1 ಕಿಲೋಗೆ ಹೆಚ್ಚುಕಡಿಮೆ ಅರ್ಧ ಲೀಟರ್ ಬಿಸಿನೀರು. ಒಂದೇ ಸಲ ಸುರಿಯಬೇಡಿ. ಪೂರಿ ಹಿಟ್ಟಿಗಿಂತ ಗಟ್ಟಿ ಇರಲಿ. ಚೆನ್ನಾಗಿ ನಾದಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ. ಬೆರಳು ಗಾತ್ರಕ್ಕೆ ಹೊಸೆದು, ಹುಣಸೆ ಬೀಜದಷ್ಟು ತುಂಡು ಮಾಡಿ. ಮೊಂಡು ಚಾಕು ಒತ್ತಿ ಮಣೆ ಮೇಲೆ ಎಳೆದರೆ ಸುರುಳಿಯಾಗುತ್ತದೆ. ಅದನ್ನು ಹೆಬ್ಬೆರಳ ಮೇಲೆ ಮಗುಚಿದರೆ ಕಿವಿ. ಮಕ್ಕಳನ್ನು ಕೂರಿಸಿ, ಮೊದಲ ಐವತ್ತು ಸೊಟ್ಟಗಿರುತ್ತವೆ, ಪರವಾಗಿಲ್ಲ. ಹಿಂದಿನ ದಿನವೇ ಮಾಡಿ ಬಟ್ಟೆ ಮೇಲೆ ಹರಡಿದರೂ ಅದು ಹಸಿ ಹಿಟ್ಟು, ನಮ್ಮ ಸಂಡಿಗೆ ಇದ್ದ ಹಾಗೆ. ಬೇಯಿಸುವುದು ಅವತ್ತೇ ಅಲ್ವಾ? ಅತ್ತೆಯವರನ್ನು ಒಂದು ಮಾತು ಕೇಳಿ.

ಕುಕ್ಕರ್ ಮುಟ್ಟಬೇಡಿ! 100 ಗ್ರಾಂ ಪಾಸ್ತಾಗೆ 1 ಲೀಟರ್ ನೀರು, 10 ಗ್ರಾಂ ಉಪ್ಪು. ನಿಮಗೆ 10 ಲೀಟರ್ ಬೇಕು. ಹಿತ್ತಲ ಒಲೆ ಇರುವುದೇ ಇದಕ್ಕೆ. ನೀರು ಕೊತಕೊತ ಅನ್ನುವಾಗ ಹಾಕಿ, ಮುಚ್ಚಬೇಡಿ. ಮೇಲೆ ತೇಲಿದ ಮೇಲೆ ಒಂದೊಂದು ಕಚ್ಚಿ ನೋಡುತ್ತಿರಿ.

ಸಾಸ್ ಸಿಸಿಲಿಯ ಕಟಾನಿಯಾ ಊರಿನ ಥರ ಇರಲಿ. ಎರಡೂವರೆ ಕಿಲೋ ಕೆಂಪು ಟೊಮೆಟೊ ಸಿಪ್ಪೆ ತೆಗೆದು, ಆಲಿವ್ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಗೊಜ್ಜಿನಷ್ಟು ಗಟ್ಟಿ ಮಾಡಿ. ಅವರು ಬೆಳ್ಳುಳ್ಳಿ ಹಾಕುತ್ತಾರೆ, ನೀವು ಬಿಡಿ. ಹುಳಿ ಜಾಸ್ತಿಯಾದರೆ ಕ್ಯಾರೆಟ್ ತುರಿ. ಬದನೆಕಾಯಿ ಬೇರೆ ಕರಿದು ಮೇಲೆ ಹಾಕಿ. ಅದಕ್ಕೆ ನಮ್ಮ ಈರನಗೆರೆ ಬದನೆ ಬೇಡ, ಅದು ವಾಂಗಿಬಾತಿಗೇ ಇರಲಿ. ದಪ್ಪ ನೇರಳೆ ಬದನೆ ತನ್ನಿ.

ಬೇಸಿಲ್ ಅಂತ ತುಳಸಿ ಕಿತ್ತು ಹಾಕಬೇಡಿ. ಸಾಸಿಗೆ ಹಾಕುವ ಬೇಸಿಲ್ ಸೊಪ್ಪು ಅಂದರೆ ನಮ್ಮ ಕಾಮಕಸ್ತೂರಿ. ದೇವರಾಜ ಮಾರುಕಟ್ಟೆಯಲ್ಲಿ ಹೂವಿನವರ ಹತ್ತಿರ ಮಾಲೆಗೆ ಮಾರುವ ಮರುಗ ಇದೆಯಲ್ಲ, ಅದು ಓರೆಗಾನೋದ ಹತ್ತಿರದ ನೆಂಟ. ಆದರೆ ಹೂವಿಗೆ ಬೆಳೆದದ್ದಕ್ಕೆ ಔಷಧಿ ಹೊಡೆದಿರಬಹುದು. ಕುಂಡದ್ದೇ ಒಳ್ಳೆಯದು.

ಇನ್ನೊಂದು. ಅಸಲಿ ಪಾರ್ಮೆಜಾನ್ ಚೀಸಿಗೆ ಹಾಲು ಒಡೆಯಲು ಕರುವಿನ ಹೊಟ್ಟೆಯ ರೆನೆಟ್ ಹಾಕುತ್ತಾರೆ. ಮಾಲೆ ಮನೆಗೆ ಖಂಡಿತ ಬೇಡ. 2 ಲೀಟರ್ ಹಾಲು ನಿಂಬೆಹಣ್ಣಿನಲ್ಲಿ ಒಡೆದು, ಹಿಂಡಿ, ಉಪ್ಪು ಕಲೆಸಿ ಉದುರಿಸಿ.

ಹಿಟ್ಟಿನ ಕೋಲು, ಪಾಂಡವಪುರ:

ಮಾವನವರಿಗೆ ಪೊಲೆಂಟಾ ಮಾಡಿ ಅಕ್ಕ. ಉತ್ತರ ಇಟಲಿಯವರ ಹಿಟ್ಟು ಅದು. ಮುಸುಕಿನ ಜೋಳದ ಸಣ್ಣ ರವೆ ಒಂದು ಲೋಟಕ್ಕೆ ನಾಲ್ಕು ಲೋಟ ನೀರು, ಉಪ್ಪು. ತಾಮ್ರದ ಪಾತ್ರೆಯಲ್ಲಿ ಕೋಲು ಹಾಕಿ 40 ನಿಮಿಷ ತಿರುವುತ್ತಾರೆ. ಆಮೇಲೆ ಮರದ ಹಲಗೆ ಮೇಲೆ ಸುರಿದು ದಾರದಲ್ಲಿ ಕುಯ್ಯುತ್ತಾರೆ. ರಾಗಿ ಹಿಟ್ಟು ತಿರುವಿದ ಕೈಗೆ ಇದೇನು ಮಹಾ?

ಮಂಡ್ಯದ ಸೊಸೆ:

ಇಬ್ಬರಿಗೂ ಥ್ಯಾಂಕ್ಸ್. ದಾರದ ಸುದ್ದಿ ಹೇಳಿದ್ದಕ್ಕೆ ಮಾವ ಬಿದ್ದು ಬಿದ್ದು ನಕ್ಕರು, "ನಾನೇ ಕುಯ್ತೀನಿ ಬಿಡು" ಅಂದರು. ಸಿಹಿಗೆ ಏನು? ತಿರಮಿಸುಗೆ ಮೊಟ್ಟೆ. ಪನ್ನಾ ಕೋತಾಗೆ ಜೆಲಟಿನ್, ಅದೂ ಪ್ರಾಣಿಗಳ ಮೂಳೆ ಚರ್ಮದ್ದೇ.

ಮರುಗ ದವನ, ಮೈಸೂರು:

ಕಾರ್ತೆಲ್ಲಾತೆ ಮಾಡಿ. ಪುಲಿಯಾದವರ ಕ್ರಿಸ್‌ಮಸ್ ತಿಂಡಿ. ಮೈದಾ, ಆಲಿವ್ ಎಣ್ಣೆ, ಬಿಳಿ ವೈನ್. ನೀವು ವೈನ್ ಬದಲು ಬೆಚ್ಚಗಿನ ನೀರು ಹಾಕಿ. ತೆಳ್ಳಗೆ ಲಟ್ಟಿಸಿ ಎರಡು ಬೆರಳಗಲದ ಪಟ್ಟಿ ಕತ್ತರಿಸಿ. ಉದ್ದಕ್ಕೆ ಮಡಚಿ, ಅಲ್ಲಲ್ಲಿ ಚಿವುಟಿ, ಗುಲಾಬಿ ಥರ ಸುತ್ತಿ. ಒಂದೆರಡು ಗಂಟೆ ಒಣಗಿಸಿ ಕರಿಯಿರಿ. ಅವರು ದ್ರಾಕ್ಷಿ ರಸ ಕಾಯಿಸಿದ ಪಾಕದಲ್ಲೋ ಜೇನಲ್ಲೋ ಅದ್ದುತ್ತಾರೆ. ಮಂಡ್ಯದವರಿಗೆ ಪಾಕ ಹೇಳಿಕೊಡಬೇಕಾ? ಆಲೆಮನೆ ಬೆಲ್ಲ ಕಾಯಿಸಿ.

ಮಂಡ್ಯದ ಸೊಸೆ:

ನಿನ್ನೆ ಆಯಿತು. ಅತ್ತೆ ಹಸಿ ಹಿಟ್ಟಿಗೆ ಒಪ್ಪಿದ್ದರಿಂದ 24ರ ಸಂಜೆಯೇ ಮಕ್ಕಳು ಕಿವಿ ಮಾಡಿ ಚಾಪೆ ತುಂಬ ಹರಡಿದ್ದರು. ಅರ್ಧ ಕಿವಿ, ಅರ್ಧ ಮೂಗು. ಬೆಂದ ಮೇಲೆ ಒಂದಕ್ಕೊಂದು ಅಂಟಲಿಲ್ಲ, ನನಗೆ ಅಷ್ಟೇ ಸಾಕಿತ್ತು. ಬದನೆಕಾಯಿ ಎಣ್ಣೆ ಕುಡಿದುಬಿಟ್ಟಿತು. ಮೊದಲೇ ಉಪ್ಪು ಸವರಿ ನೀರು ಹಿಂಡಬೇಕಿತ್ತಂತೆ, ಆಮೇಲೆ ಗೊತ್ತಾಯಿತು. ಬೆಲ್ಲದ ಪಾಕ ಕೊಂಚ ಗಟ್ಟಿಯಾಗಿ ಕಾರ್ತೆಲ್ಲಾತೆ ಕಟುಂ ಅನ್ನುತ್ತಿತ್ತು. ಸ್ವಾಮಿ ಪೂಜೆ ಮುಗಿಸಿ ಬಂದು ಆರು ತಿಂದರು.

ಮಾವ ದಾರ ಹಿಡಿದು ಪೊಲೆಂಟಾ ಕುಯ್ದರು, ಹಲಗೆ ಸುತ್ತ ಮಕ್ಕಳು. ಟೊಮೆಟೊ ಸಾಸಿಗೆ ಅದ್ದಿ ಎರಡು ತುಂಡು ನುಂಗಿದರು, ಅಗಿಯಲಿಲ್ಲ. "ಸಾರು ಮಂದ ಆಯ್ತು ಕನವ್ವ, ಆದ್ರೆ ಪರವಾಗಿಲ್ಲ" ಅಂದರು. ಕೊನೆಗೆ ಒಂದು ಹಿಡಿ ಅನ್ನ ಮಜ್ಜಿಗೆ ಕೇಳಿದರು. ಕೇಳುತ್ತಾರೆ ಅಂತ ಗೊತ್ತಿತ್ತು, ಇಟ್ಟಿದ್ದೆ.