ಪದಚರ್ಚೆ: ಬೂಟು ಹೊಲಿಯುವವರ ‘ಫರ್ಮಾ’ವನ್ನು ‘ಅಡಿಗೂಂಟ’ ಎನ್ನಬಹುದೇ?

ಬಳಗದ ಎಲ್ಲರಿಗೂ ನಮಸ್ಕಾರ.

ಚರ್ಮದ ಬೂಟು ಮತ್ತು ಕೈಗವಸುಗಳನ್ನು ಕೈಯಿಂದಲೇ ಹೊಲಿಯಲು ಹೊಸದಾಗಿ ಕಲಿಯುವವರಿಗಾಗಿ ಕನ್ನಡದಲ್ಲಿ ಒಂದು ಕಿರುಪಾಠ ಬರೆಯುತ್ತಿದ್ದೇನೆ. ನಾನೂ ಕಲಿಯುತ್ತಿರುವವಳೇ. ಧಾರಾವಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ನಮಗೆ ಕಲಿಸುವ ಕಾಕಾ ವಿಜಯಪುರದ ಕಡೆಯವರು. ನಮ್ಮೊಡನೆ ಕನ್ನಡದಲ್ಲೇ ಮಾತನಾಡುತ್ತಾರೆ. ಹತ್ಯಾರುಗಳ ವಿಷಯ ಬಂದಾಗ ಮಾತ್ರ ಅವರ ಬಾಯಲ್ಲಿ ಮುಂಬಯಿಯ ಮಾತುಗಳೇ: ಫರ್ಮಾ, ರಾಪಿ, ಛಿಲಾಯಿ. ಇವುಗಳಲ್ಲಿ ಫರ್ಮಾಕ್ಕೆ ಏನು ಬರೆಯಬೇಕು ಎಂಬುದು ನನ್ನ ಮುಖ್ಯ ಪ್ರಶ್ನೆ.

ಫರ್ಮಾ ಎಂದರೆ ಪಾದದ ಆಕಾರಕ್ಕೆ ಕಡೆದ ಮರದ ತುಂಡು. ಈಗ ಪ್ಲಾಸ್ಟಿಕ್ಕಿನದೂ ಇದೆ. ಬೂಟಿನ ಮೇಲ್ಭಾಗದ ಚರ್ಮವನ್ನು ತುಸು ತೇವ ಮಾಡಿ ಅದರ ಮೇಲೆ ಹೊದಿಸುತ್ತಾರೆ. ಇಕ್ಕಳದಿಂದ ಮೊದಲು ಬೆರಳಿನ ತುದಿಯಲ್ಲಿ ಎಳೆದು ಒಂದು ಸಣ್ಣ ಮೊಳೆ, ಬಳಿಕ ಹಿಮ್ಮಡಿಯಲ್ಲೊಂದು, ಆಮೇಲೆ ಎಡಬಲಗಳಲ್ಲಿ. ತುದಿಯ ಬಳಿ ಚರ್ಮ ನೆರಿಗೆಯಾಗಿ ಬೀಳುತ್ತದೆ. ಆ ಒಂದೊಂದು ನೆರಿಗೆಯನ್ನೂ ತಳದ ಕಡೆಗೆ ಎಳೆದು ಚಪ್ಪಟೆ ಮಾಡುವುದರಲ್ಲೇ ಕೈಚಳಕ ಇರುವುದು. ಹೀಗೆ ಬಿಗಿದದ್ದನ್ನು ಒಣಗಲು ಬಿಟ್ಟರೆ ಮೊಳೆ ಕಿತ್ತ ಮೇಲೂ ಚರ್ಮ ಆ ಆಕಾರವನ್ನು ಬಿಡುವುದಿಲ್ಲ.

ಒಬ್ಬ ಗೆಳೆಯರು ‘ಅಚ್ಚು’ ಸಾಕು ಎಂದರು. ನನಗೆ ಒಪ್ಪಿಗೆಯಿಲ್ಲ. ಬೆಲ್ಲದ ಅಚ್ಚು, ಇಟ್ಟಿಗೆಯ ಅಚ್ಚು ಎನ್ನುವಾಗ ವಸ್ತು ಒಳಗಿರುತ್ತದೆ, ಅಚ್ಚು ಹೊರಗಿರುತ್ತದೆ. ಇಲ್ಲಿ ಅದು ತಿರುವುಮುರುವು. ‘ಮರಗಾಲು’ ಎಂದೂ ಒಂದು ಸಲಹೆ ಬಂತು. ಮಕ್ಕಳು ಏರಿ ನಡೆಯುವ ಕೋಲಿಗೆ ಆ ಹೆಸರು ಆಗಲೇ ಸಂದಿದೆ.

ಹೀಗಿರುವಾಗ ನೆನಪಾದದ್ದು ಚರ್ಮದ ಕೆಲಸದ ಸಮುದಾಯದ ಶರಣ ಮಾದಾರ ಚೆನ್ನಯ್ಯನ ವಚನಗಳ ಅಂಕಿತ, ಅಂದರೆ ವಚನದ ಕೊನೆಗೆ ಬರುವ ಗುರುತಿನ ಮಾತು. ಕೈಯುಳಿ, ಕತ್ತಿ, ಅಡಿಗೂಂಟ ಎಂಬ ಮೂರು ಹತ್ಯಾರುಗಳ ಹೆಸರುಗಳು ಆ ಅಂಕಿತದಲ್ಲೇ ಸಾಲಾಗಿ ಕುಳಿತಿವೆ. ಅವಕ್ಕೆ ಅಡಿಯಾಗಬೇಡ ಎನ್ನುತ್ತದೆ ಅದು. ಚರ್ಮದ ಕೆಲಸದವರ ಮಾತುಗಳು ನಮ್ಮ ಬರಹದೊಳಗೆ ಬಂದದ್ದೇ ಕಡಿಮೆ, ಏಕೆಂದರೆ ಆ ಕೆಲಸದವರನ್ನು ಓದು ಬರಹದಿಂದ ಶತಮಾನಗಳ ಕಾಲ ದೂರವಿಟ್ಟರು. ಅದರ ನಡುವೆಯೂ ಉಳಿದು ಬಂದ ಮಾತು ಇದು. ಇದನ್ನು ಬಿಟ್ಟು ಬೇರೆಡೆಯಿಂದ ಕಡ ತರುವುದು ನನಗೆ ಸಂಕಟದ ಸಂಗತಿ.

ಆದರೆ ಅಡಿಗೂಂಟ ಎಂದರೆ ಯಾವುದು? ‘ಅಡಿ’ಗೆ ಪಾದ ಎಂಬ ಅರ್ಥ ಹಿಡಿದರೆ ಪಾದದಂತಿರುವ ಗೂಟ, ಅಂದರೆ ಫರ್ಮಾವೇ. ‘ಕೆಳಗೆ’ ಎಂಬ ಅರ್ಥ ಹಿಡಿದರೆ ಚರ್ಮದ ಅಡಿಗೆ ಇಟ್ಟುಕೊಂಡು ಕೊಯ್ಯಲು ಬಡಿಯಲು ಬಳಸುವ ಕೊರಡು. ನನ್ನ ಮನಸ್ಸು ಎರಡನೆಯದರ ಕಡೆಗೆ ವಾಲುತ್ತದೆ. ಚೆನ್ನಯ್ಯನ ಕಾಲದ ಮೆಟ್ಟುಗಳು ಹೆಚ್ಚಾಗಿ ಬಾರು ಹಾಕಿದ ತೆರೆದ ಜೋಡುಗಳೇ ಇದ್ದಿರಬೇಕು. ತೆರೆದ ಜೋಡಿಗೆ ಫರ್ಮಾದ ಹಂಗಿಲ್ಲ: ಅಟ್ಟೆಯನ್ನು (ತಳದ ಚರ್ಮವನ್ನು) ಅಳತೆಗೆ ಕೊಯ್ದು, ಪಟ್ಟಿ ಕೂರಿಸಿ, ಬಡಿದು ಹೊಲಿದರೆ ಮುಗಿಯಿತು. ಸಾಂಪ್ರದಾಯಿಕ ಕೊಲ್ಹಾಪುರಿ ಚಪ್ಪಲಿಯನ್ನು ಇಂದಿಗೂ ಹೀಗೆಯೇ ಮಾಡುತ್ತಾರೆ. ಬೀದಿಬದಿಯಲ್ಲಿ ಚಪ್ಪಲಿಯನ್ನು ಬೋರಲು ಹಾಕಿ ಮೊಳೆ ಬಡಿಯುವ ಮೂರು ಕವಲಿನ ಕಬ್ಬಿಣವನ್ನು ನೋಡಿದ್ದೀರಲ್ಲ, ಅಡಿಗೂಂಟ ಅದರ ಹಿರೀಕನಾಗಿರಬಹುದು ಎಂಬುದು ನನ್ನ ಊಹೆ.

ಹಾಗಿದ್ದರೂ ಫರ್ಮಾಕ್ಕೆ ಆ ಹೆಸರಿಡಬಹುದೇ? ಯಾವುದಾದರೂ ಊರಲ್ಲಿ ಕೊರಡಿಗೆ ಅಡಿಗೂಂಟ ಎಂದು ಈಗಲೂ ಕರೆಯುತ್ತಿದ್ದರೆ ಖಂಡಿತ ಕೂಡದು. ಅವರ ಮಾತನ್ನು ಕಿತ್ತುಕೊಂಡಂತಾಗುತ್ತದೆ. ಎಲ್ಲೂ ಬಳಕೆಯಲ್ಲಿ ಇಲ್ಲದಿದ್ದರೆ ಬಳಸುವುದರಲ್ಲಿ ತಪ್ಪಿಲ್ಲ ಎನ್ನುತ್ತೇನೆ. ಅಲ್ಲಿಯವರೆಗೆ ಪಾಠದಲ್ಲಿ ‘ಫರ್ಮಾ’ ಎಂದೇ ಇರುತ್ತದೆ. ಅದು ದುಡಿಯುವವರ ಬಾಯಲ್ಲಿರುವ ಮಾತು. ಕುಳಿತು ಕಟ್ಟಿದ ಸಂಸ್ಕೃತ ಸಮಾಸಕ್ಕಿಂತ ಮೇಲು.

ರಾಪಿ ಎಂದರೆ ಚರ್ಮ ಕೊಯ್ಯುವ ಕತ್ತಿ. ಅದಕ್ಕೆ ತೊಂದರೆಯಿಲ್ಲ, ನಮ್ಮ ‘ರಂಪಿಗೆ’ ಇದೆ. ಛಿಲಾಯಿ ಎಂದರೆ ಚರ್ಮದ ಅಂಚನ್ನು ಒಳಮುಖದಿಂದ ತೆಳ್ಳಗಾಗಿಸುವುದು. ನುಣುಪಾದ ಕಲ್ಲಿನ ಮೇಲೆ ಚರ್ಮವಿಟ್ಟು, ರಂಪಿಗೆಯನ್ನು ಬಹುಪಾಲು ಮಲಗಿಸಿಯೇ ತಳ್ಳಬೇಕು. ಇದಕ್ಕೆ ‘ಹೆರೆ’ ಎಂಬ ಕ್ರಿಯಾಪದವನ್ನು ಆರಿಸಿದ್ದೇನೆ: ‘ಅಂಚು ಹೆರೆಯಿರಿ, ಇಲ್ಲದಿದ್ದರೆ ಮಡಚಿದ ಕಡೆ ದಪ್ಪ ಗೆರೆ ಏಳುತ್ತದೆ.’ ಬಿದಿರು ಹೆರೆಯುವ ಮನೆಗಳಲ್ಲಿ ಬೆಳೆದವರಿಗೆ ಅರ್ಥ ಹೇಳಬೇಕಾಗಿಲ್ಲ.

ಕೈಗವಸಿನ ವಿಷಯದಲ್ಲಿ ಕಾಕಾ ಬಳಸುವ ಎರಡು ಕನ್ನಡ ಮಾತುಗಳೇ ನನಗೆ ದಾರಿ ತೋರಿದವು. ಚರ್ಮ ‘ಜಗ್ಗುವುದು’ ಬೇರೆ, ‘ಹಿಗ್ಗುವುದು’ ಬೇರೆ ಎನ್ನುತ್ತಾರೆ. ಎಳೆದಾಗ ಬಂದು ಬಿಟ್ಟಾಗ ಮರಳುವುದು ಜಗ್ಗು. ಮರಳದೆ ನಿಂತರೆ ಹಿಗ್ಗು. ಕೈಗವಸಿನ ಚರ್ಮ ಅಂಗೈಯ ಅಗಲಕ್ಕೆ ಜಗ್ಗಬೇಕು, ಬೆರಳಿನ ಉದ್ದಕ್ಕೆ ಜಗ್ಗಬಾರದು. ಈ ಒಂದು ವಾಕ್ಯಕ್ಕೆ ‘ಸ್ಥಿತಿಸ್ಥಾಪಕತ್ವ’ ತಂದು ಹಾಕಿದ್ದರೆ ಹೊಸಬರು ಅಲ್ಲಿಗೇ ಪಾಠ ಮಡಚಿಡುತ್ತಿದ್ದರು.

ಹೆಸರಿಲ್ಲದೆ ಉಳಿದಿರುವುದು ಬೆರಳುಗಳ ನಡುವಿನ ಪಟ್ಟಿ. ಕೈಗವಸಿನ ಮುಂದುಹಿಂದುಗಳನ್ನು ನೇರವಾಗಿ ಕೂಡಿಸಿ ಹೊಲಿದರೆ ಬೆರಳು ಚಪ್ಪಟೆ ಚೀಲವಾಗುತ್ತದೆ. ಅದಕ್ಕೆ ದಪ್ಪ ಕೊಡುವುದೇ ಸಂದಿನಲ್ಲಿ ಸೇರಿಸುವ ಈ ಕಿರಿದಾದ ಪಟ್ಟಿ. ‘ಸಂದುಪಟ್ಟಿ’ ಎಂದು ಬರೆದುಕೊಂಡಿದ್ದೇನೆ. ಸಂದಿನ ಬುಡದಲ್ಲಿ ಬೆರಳು ಅಗಲಿಸಲು ಅನುಕೂಲವಾಗಲೆಂದು ಕೂರಿಸುವ ವಜ್ರಾಕಾರದ ಪುಟ್ಟ ತುಂಡಿಗೆ ದರ್ಜಿಗಳ ‘ಕಳಿ’ ಹೊಂದೀತೇ? ಹೊಲಿಗೆ ಬಲ್ಲವರು ಹೇಳಬೇಕು.

ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಾಗ ಮಹಾರಾಷ್ಟ್ರದ 4 ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಸೇರಿದವು. ಅಡಿಗೂಂಟ ಉಳಿದಿದ್ದರೆ ಅಲ್ಲೇ ಉಳಿದಿರಬೇಕು. ಅಥಣಿ, ನಿಪ್ಪಾಣಿಯ ಕಡೆಯವರು ಈ ಬಳಗದಲ್ಲಿದ್ದರೆ, ಅಟ್ಟೆ ಬಡಿಯುವ ಕೊರಡಿಗೆ ನಿಮ್ಮ ಊರಲ್ಲಿ ಏನೆನ್ನುತ್ತಾರೆ ಎಂದು ದಯವಿಟ್ಟು ಬರೆಯಿರಿ. ಉಚ್ಚಾರವನ್ನು ತಿದ್ದದೆ, ಅವರು ಆಡಿದ ಹಾಗೆಯೇ ಬರೆಯಿರಿ. ವಸ್ತುವಿನ ಒಂದು ಚಿತ್ರವೂ ಇದ್ದರೆ ಇನ್ನೂ ಒಳ್ಳೆಯದು.